ಸಾಗರದಿಂದ ಶುರು ಮಾಡಿದ್ರೆ ಮಾತ್ರ

ಇಪ್ಪತ್ತಾರು ವರ್ಷ ಒಂದೇ ರೂಟಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಸಾಗರದಲ್ಲಿ ಹೊರಟು ಬಟ್ಟೆಮಲ್ಲಪ್ಪ, ಹೊಸನಗರ, ರಿಪ್ಪನ್‌ಪೇಟೆ, ಕೋಣಂದೂರು, ಆರಗದ ಮೇಲೆ ತೀರ್ಥಹಳ್ಳಿ ಮುಟ್ಟೋ ಪ್ರೈವೇಟ್ ಬಸ್ಸು. ನೆಟ್ಟಗೆ ಹೋಗೋ ಬುದ್ಧಿಯೇ ಇಲ್ಲದ ಬಸ್ಸು ಅಂತ ಜನ ಬೈತಾರೆ. ಬೈಕೊಳ್ಳಲಿ. ಸುತ್ತಿ ಬಳಸಿ ಹೋಗೋದ್ರಿಂದಲೇ ಇಷ್ಟೂ ಊರಿನ ಜನ ನನಗೆ ಗೊತ್ತು. ಯಾರ ಮನೆ ಎಮ್ಮೆ ಕರು ಹಾಕಿದೆ, ಯಾರ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ, ಎಲ್ಲ ನನ್ನ ನಾಲಿಗೆ ತುದಿಯಲ್ಲಿ. ಆ ನಾಲಿಗೆನೇ ಒಂದು ದಿನ ಕೈ ಕೊಡ್ತು.

ಶಿವರಾತ್ರಿ ಮುಗಿದು ವಾರ ಆಗಿತ್ತು. ಬೆಳಿಗ್ಗೆ ಹೊಸನಗರದ ಬಸ್‌ಸ್ಟ್ಯಾಂಡಲ್ಲಿ ಬಾಯಲ್ಲಿದ್ದ ವಿಸಿಲ್ಲು ಕೆಳಗೆ ಬಿತ್ತು. ಎತ್ಕೊಳ್ಳೋಣ ಅಂದ್ರೆ ಬಲಗೈ ಬೇರೆ ಯಾರದೋ ಅನ್ನೋ ಹಾಗೆ ನೇತಾಡ್ತಾ ಇತ್ತು. "ರೈಟ್" ಕೇಳದೆ ಡ್ರೈವರ್ ಹಿಂದೆ ತಿರುಗಿ, "ಎಂತ ಮಾರಾಯ, ಹೊರಡೋದಾ ಬೇಡ್ವಾ?" ಅಂದ. ನಾನು ಕೊಟ್ಟ ಉತ್ತರ ಯಾವ ಭಾಷೆನೂ ಅಲ್ಲ.

ಬಸ್ಸಲ್ಲಿದ್ದೋರು ತಲೆಗೊಂದು ಮಾತಾಡಿದ್ರು. ಒಬ್ರು ಪಿತ್ತ ಅಂದ್ರು. ಒಬ್ರು, ನಿನ್ನೇದು ಇನ್ನೂ ಇಳಿದಿಲ್ಲ ಅಂದ್ರು. ನಾನು ಜನ್ಮದಲ್ಲಿ ಕುಡಿದವನಲ್ಲ, ಅದನ್ನ ಹೇಳೋಕೆ ಬಾಯಿಲ್ಲ. ಇನ್ನೊಬ್ರು ಹಿರಿಯರು, "ಕೈಗೆ ಕಬ್ಬಿಣ ಕೊಡ್ರೋ, ಕಬ್ಬಿಣ!" ಅಂತ ಕೂಗಿದ್ರು. ಅದು ಮೂರ್ಛೆ ಬಂದೋರಿಗೆ ನಮ್ಮ ಕಡೆ ಮಾಡೋ ಉಪಚಾರ. ಅದಕ್ಕೂ ಪ್ರಯೋಜನ ಇಲ್ಲ ಅಂತ ಆಮೇಲೆ ಡಾಕ್ಟ್ರು ಹೇಳಿದ್ರು. ಬೀಗದ ಕೈ ಸಿಗದೆ ಯಾರೋ ಪುಣ್ಯಾತ್ಮರು ಸೀಟಿನ ಅಡಿಯಿಂದ ಜಾಕಿನ ರಾಡು ಎಳೆದು ನನ್ನ ಬಲಗೈಗಿಟ್ರು. ಅದು ಜಾರಿ ನೇರ ಬಲಗಾಲಿನ ಹೆಬ್ಬೆರಳ ಮೇಲೆ ಬಿತ್ತು. ನೋವೇ ಆಗ್ಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆ ಆಯ್ತು.

ಡ್ರೈವರ್ ಜನರ ಸಮೇತ ಬಸ್ಸನ್ನೇ ಆಸ್ಪತ್ರೆ ಗೇಟಿಗೆ ತಂದು ನಿಲ್ಸಿದ. ಅಲ್ಲಿಂದ ಆಂಬುಲೆನ್ಸಲ್ಲಿ ಶಿವಮೊಗ್ಗ. ಮೆದುಳಿನ ಎಡಗಡೆ ರಕ್ತ ಹೆಪ್ಪುಗಟ್ಟಿದೆ, ಎಡಗಡೆಗೆ ಪೆಟ್ಟಾದ್ರೆ ಬಲಗೈ, ಬಲಗಾಲು, ಮಾತು ಮೂರೂ ಹೋಗ್ತಾವೆ ಅಂದ್ರು. ಊರಿನ ಭಾಷೆಯಲ್ಲಿ ಲಕ್ವ. ಬೇಗ ತಂದಿದ್ದಕ್ಕೆ ಜೀವ ಉಳೀತು, ಇನ್ನು ಉಳಿದದ್ದು ನಿಧಾನಕ್ಕೆ ಬರುತ್ತೆ, ಎಷ್ಟು ಬರುತ್ತೆ ಅಂತ ಹೇಳೋಕಾಗಲ್ಲ ಅಂದು ಮನೆಗೆ ಕಳ್ಸಿದ್ರು.

ಜನ ತಿಳ್ಕೊಂಡಿದ್ದು ನನಗೆ ಬುದ್ಧಿನೂ ಹೋಗಿದೆ ಅಂತ. ಥೋ! ಬುದ್ಧಿ ಸರಿಯಾಗೇ ಇತ್ತು. ಒಳಗೆ ಪೂರ್ತಿ ವಾಕ್ಯ ತಯಾರಾಗ್ತಿತ್ತು, ಬಾಯಿಗೆ ಬರುವಷ್ಟರಲ್ಲಿ ಖಾಲಿ. ಬಂದವರು ನನ್ನ ಮುಂದೆ ಕೂತು, ಕಿವುಡನಿಗೆ ಹೇಳೋ ಹಾಗೆ, "ಊ...ಟ ಆ...ಯ್ತಾ?" ಅಂತ ಕಿರಿಚೋರು. ಅವರನ್ನ ಎತ್ತಿ ಅಂಗಳಕ್ಕೆ ಎಸೀಬೇಕು ಅನ್ನಿಸ್ತಿತ್ತು. ಎಸೆಯೋಕೆ ಕೈ ಬೇಕಲ್ಲ.

ಮೊದಲ ಮಾತು ಬಂದಿದ್ದು ನಮ್ಮ ಬಸ್ಸಿನ ಓನರ್ರು ನೋಡೋಕೆ ಬಂದ ದಿನ. ಅವರು ಮೂಸಂಬಿ ಚೀಲ ಕೆಳಗಿಟ್ಟು ಹೇಳಿದ್ರು, "ನೋಡು ಮಾರಾಯ, ನಾನೇನು ಕಟುಕ ಅಲ್ಲ. ನವರಾತ್ರಿವರೆಗೆ ನಿನ್ನ ಜಾಗ ಇಟ್ಟಿರ್ತೀನಿ. ಆಮೇಲೆ ಒಂದು ಟ್ರಿಪ್ಪು ನಾನೂ ಬರ್ತೀನಿ. ಸಾಗರದಿಂದ ತೀರ್ಥಹಳ್ಳಿವರೆಗೆ ನೀನೊಬ್ನೇ ಮಾಡಿ ತೋರ್ಸಿದ್ರೆ ಬಸ್ಸು ನಿಂದು. ಇಲ್ಲಾಂದ್ರೆ ನನ್ನ ಬಾಮೈದನೇ ಮುಂದುವರೀತಾನೆ. ಆಗ್ಬಹುದಾ?"

ಆಗ್ಬಹುದು ಸಾವ್ಕಾರ್ರೇ ಅಂತ ಹೇಳೋಕೆ ಬಾಯಿ ತೆಗೆದೆ. ಬಂದದ್ದು ಒಂದು ಬೈಗುಳ. ಇಲ್ಲಿ ಬರೆಯೋ ಹಾಗಿಲ್ಲ, ಅವರ ತಾಯಿಗೆ ಸಂಬಂಧಪಟ್ಟದ್ದು. ಅಚ್ಚುಕಟ್ಟಾಗಿ, ಒಂದಕ್ಷರ ತೊದಲದೆ ಬಂತು. ಓನರ್ರು ಎದ್ದು ನಿಂತ್ರು. ನನ್ನ ಹೆಂಡತಿ ಮೊದಲು ಖುಷಿಯಿಂದ, "ಮಾತು ಬಂತು!" ಅಂದ್ಲು, ಆಮೇಲೆ ಬಂದದ್ದು ಏನು ಅಂತ ಅರ್ಥ ಆಗಿ ಸೆರಗು ಬಾಯಿಗಿಟ್ಕೊಂಡ್ಲು. ಅವರು ಹೋದ ಮೇಲೆ, "ಇಷ್ಟು ವರ್ಷ ಗೊಬ್ಬರ ಹಾಕಿ ಬೆಳೆಸಿದ್ದು ಅದೊಂದನ್ನೇ. ಅದೇ ಉಳ್ಕೊಂಡಿದೆ ನೋಡಿ," ಅಂದ್ಲು. ಅವಳು ಶಾಲೆಯಲ್ಲಿ ಬಿಸಿಯೂಟ ಮಾಡೋಳು. ಇನ್ನೂರು ಮಕ್ಕಳನ್ನ ಒಂದು ಸೌಟು ತೋರಿಸಿ ಸಾಲಲ್ಲಿ ಕೂರಿಸೋ ಹೆಂಗಸು. ಅವಳ ಮುಂದೆ ಲಕ್ವ ಹೊಡೆದ ಗಂಡ ಯಾವ ಲೆಕ್ಕ?

ಆ ರಾತ್ರಿಯಿಂದ ನನಗೆ ಒಂದೇ ಯೋಚನೆ, ಬಸ್ಸು. ಫುಟ್‌ಬೋರ್ಡಿಂದ ಇಳಿದ ಕಂಡಕ್ಟರ್ ಅಂದ್ರೆ ಜಗಲಿ ಮೇಲೆ ಕೂತು ಹೋಗೋ ಬರೋರನ್ನ ನೋಡೋ ಮುದುಕ. ನನಗಿನ್ನೂ ಐವತ್ಮೂರು. ಆ ಬಾಮೈದನೋ, ವಿಸಿಲ್ಲು ಊದಿದ್ರೆ ಹಾಲು ಕಾಯಿಸೋ ಕುಕ್ಕರೂ ಅದಕ್ಕಿಂತ ಜೋರಾಗಿ ಕೂಗುತ್ತೆ. ಅವನ ಕೈಗೆ ನನ್ನ ಬಸ್ಸು ಕೊಡೋದಾ?

ಒಂದು ಬೆಳಿಗ್ಗೆ ಕಾಫಿ ಕೇಳೋಕೆ ಬಾಯಿ ತೆಗೆದೆ. "ಸಾಗರ" ಅಂತ ಬಂತು. ಬಂದದ್ದೇ ತಡ, "ಬಟ್ಟೆಮಲ್ಲಪ್ಪ ಹೊಸನಗರ ರಿಪ್ಪನ್‌ಪೇಟೆ ಕೋಣಂದೂರು ಆರಗ ತೀರ್ಥಹಳ್ಳಿ ತೀರ್ಥಹಳ್ಳಿ ಬನ್ನಿ ಬನ್ನಿ ಸೀಟಿದೆ ಸೀಟಿದೆ" ಅಂತ ಪೂರ್ತಿ ಹರಿದು ಹೋಯ್ತು. ಹೆಂಡತಿ ದೋಸೆ ಸಟ್ಟುಗ ಹಿಡ್ಕೊಂಡೇ ಓಡಿ ಬಂದ್ಲು. ನಾನು ಅತ್ತೆ. ಅವಳೂ ಅತ್ಲು. ದೋಸೆ ಸೀದು ಹೋಯ್ತು.

ಆದ್ರೆ ಇದರಲ್ಲೊಂದು ಕರ್ಮ ಇತ್ತು. ಸಾಗರದಿಂದ ಶುರು ಮಾಡಿದ್ರೆ ಮಾತ್ರ ಬರ್ತಿತ್ತು. ಬರೀ "ಹೊಸನಗರ" ಅನ್ನಿ ನೋಡೋಣ ಅಂದ್ರೆ ಮೂಗ. ಹೊಸನಗರ ಬೇಕಂದ್ರೆ ಸಾಗರದಲ್ಲಿ ಹತ್ತಿ ಬಟ್ಟೆಮಲ್ಲಪ್ಪ ದಾಟಿಯೇ ಬರ್ಬೇಕು. ಉರು ಹೊಡೆದ ಮಾತು, ಮಗ್ಗಿ, ಭಜನೆ, ಬೈಗುಳ ಇವೆಲ್ಲ ಮೆದುಳಲ್ಲಿ ಬೇರೆ ದಾರಿಯಲ್ಲಿ ಬರ್ತಾವಂತೆ, ಯೋಚನೆ ಮಾಡಿ ಆಡೋ ಮಾತಿನ ದಾರಿ ಹಾಳಾದ್ರೂ ಇವು ಉಳೀತಾವಂತೆ.

ನನ್ನ ಹೆಂಡತಿ ತಕ್ಷಣ ಅದನ್ನೇ ಉಪಯೋಗಕ್ಕೆ ತಂದ್ಲು. ಹೊಸನಗರ ಅಂದ್ರೆ ಊಟ, ರಿಪ್ಪನ್‌ಪೇಟೆ ಅಂದ್ರೆ ಮಲಗ್ಬೇಕು, ತೀರ್ಥಹಳ್ಳಿ ಅಂದ್ರೆ ಬಚ್ಚಲಿಗೆ ಹೋಗ್ಬೇಕು. ಊರುಗಳನ್ನ ಹೇಳ್ತಾ ಹೋಗಿ ಬೇಕಾದ ಕಡೆ ಎಡಗೈ ಎತ್ತಬೇಕು. ಯೋಚನೆ ಚೆನ್ನಾಗೇ ಇತ್ತು. ಆದ್ರೆ ಅವಸರ ಇದ್ದಾಗ ಆರು ಊರು ದಾಟಿ ತೀರ್ಥಹಳ್ಳಿ ಮುಟ್ಟೋದು ಅಂದ್ರೇನು ಹುಡುಗಾಟವಾ? ಎರಡು ಸಲ ಕೋಣಂದೂರಲ್ಲೇ ಕೆಲಸ ಕೆಟ್ಟಿತು. ಆಮೇಲೆ ಬಚ್ಚಲನ್ನ ಸಾಗರಕ್ಕೆ ವರ್ಗ ಮಾಡಿದ್ಲು.

ವಾರಕ್ಕೆ ಮೂರು ದಿನ ಸಾಗರದಲ್ಲಿ ಫಿಸಿಯೋಥೆರಪಿ. ಡಾಕ್ಟ್ರಮ್ಮ ಚಿಕ್ಕ ಪ್ರಾಯದೋಳು, ನಗ್ತಾ ನಗ್ತಾ ಜೀವ ಹಿಂಡೋಳು. ಮೊದಲ ದಿನ ನನ್ನ ಮಾತು ಪರೀಕ್ಷೆ ಮಾಡೋಕೆ, "ಅಂಕಲ್, ನಿಮ್ಮ ಹೆಂಡತಿ ಹೆಸರೇನು?" ಅಂದ್ಲು. ನಾನು ಸುಮ್ನಿದ್ದೆ. ಮತ್ತೆ ಕೇಳಿದ್ಲು. ಸುಮ್ನಿದ್ದೆ. ಪಾಪ, ಮುಖ ಸಣ್ಣ ಮಾಡ್ಕೊಂಡು ಹಾಳೆ ಮೇಲೆ "ಹೆಂಡತಿ ಹೆಸರು ಮರೆತಿದ್ದಾರೆ" ಅಂತ ಬರೆದ್ಲು. ನನ್ನ ಹೆಂಡತಿಗೆ ತಡೀಲಿಲ್ಲ. "ಅಯ್ಯೋ, ಅದು ಮೊದಲಿಂದಲೂ ಹೇಳಲ್ಲ ಅವರು! ಮದುವೆ ಆದಾಗಿಂದ 'ಏಯ್', 'ಕೇಳ್ತಾ' ಅಂತಾನೇ ಕರೆಯೋದು," ಅಂದ್ಲು. "ಸರಿ, ನಿಮ್ಮ ಯಜಮಾನರ ಹೆಸರು ನೀವೇ ಹೇಳಿ, ಚೀಟಿಗೆ ಬೇಕು," ಅಂದಾಗ ಅವಳೂ ಸೆರಗಿನ ತುದಿ ತಿರುಚ್ತಾ ನೆಲ ನೋಡಿದ್ಲು. ಹೊರಗೆ ಬೆಂಚಲ್ಲಿ ಕೂತಿದ್ದ ಡ್ರೈವರ್ ಒಳಗೆ ಬಂದು ಇಬ್ಬರ ಹೆಸರೂ ಹೇಳಿ ಹೋದ. ಡಾಕ್ಟ್ರಮ್ಮ ಬರೆದದ್ದನ್ನ ಹೊಡೆದು ಹಾಕಿದ್ಲು.

ಡ್ರೈವರ್ರೇ ದಿನ ಬಿಟ್ಟು ದಿನ ನನ್ನ ಕರ್ಕೊಂಡು ಹೋಗೋನು, ಎರಡು ಟ್ರಿಪ್ಪಿನ ನಡುವೆ. ಒಂದ್ಸಲ ಡಾಕ್ಟ್ರಮ್ಮ ಅವನನ್ನೇ ಕೇಳಿದ್ಲು, "ಮಳೆಗಾಲದಲ್ಲಿ ಮೋರಿ ಕೊಚ್ಕೊಂಡು ಹೋದ್ರೆ ಬಸ್ಸು ಏನು ಮಾಡ್ತೀರಿ?"

"ಒಳರಸ್ತೆ ಹಿಡೀತೀವಿ," ಅಂದ ಇವನು. "ಮೊದಲ ದಿನ ಗದ್ದೆಗಿಳಿಸ್ತೀವಿ. ಎರಡನೇ ದಿನ ಯಾರದೋ ಕೊಟ್ಟಿಗೆಗೆ ತಾಗಿಸಿ ಬೈಸ್ಕೋತೀವಿ. ಹದಿನೈದು ದಿನ ಕಳೆದ್ರೆ ಕಣ್ಮುಚ್ಚಿ ಹೋಗ್ತೀವಿ."

"ನರಗಳೂ ಹಾಗೇ," ಅಂದ್ಲು. "ಸತ್ತ ಜಾಗ ಮತ್ತೆ ಹುಟ್ಟಲ್ಲ. ಪಕ್ಕದ ನರಗಳು ಆ ಕೆಲಸ ಕಲೀಬೇಕು. ಕಲೀಬೇಕಂದ್ರೆ ಸಾವಿರ ಸಲ ಮಾಡ್ಬೇಕು. ಎಡಗೈಯಲ್ಲೇ ಎಲ್ಲ ಮಾಡ್ಕೊಂಡ್ರೆ ಮೆದುಳು, ಓಹೋ ಬಲಗೈ ಬೇಡ ಬಿಡು ಅಂತ ಮರೆತೇ ಬಿಡುತ್ತೆ. ಅದಕ್ಕೆ ದಿನಕ್ಕೆ ಮೂರು ಗಂಟೆ ಎಡಗೈ ಕಟ್ಟಿ ಹಾಕಿ."

ಇದು ನನ್ನ ಹೆಂಡತಿಗೆ ಹಬ್ಬ. ಹಳೆ ಪಂಚೆಯಲ್ಲಿ ನನ್ನ ಎಡಗೈನ ಎದೆಗೆ ಬಿಗಿದು ಮುಂದೆ ಅನ್ನದ ತಟ್ಟೆ ಇಟ್ಲು. ಆಗಿನ್ನೂ ಬಲಗೈ ಬೆರಳು ಅಷ್ಟಿಷ್ಟು ಆಡ್ತಿತ್ತು. ತುತ್ತು ಬಾಯಿಗೆ ಅಂತ ಹೊರಟು ಗಲ್ಲಕ್ಕೆ ಹೋಗ್ತಿತ್ತು, ಕಿವಿಗೆ ಹೋಗ್ತಿತ್ತು, ಒಂದ್ಸಲ ಹಿಂದೆ ಕೂತಿದ್ದ ಬೆಕ್ಕಿಗೆ ಹೋಯ್ತು. ಬೆಕ್ಕು ಆಮೇಲೆ ಅಲ್ಲೇ ಕಾಯಂ. ಬೇಲಿಯಾಚೆಯಿಂದ ನೋಡಿದ ಪಕ್ಕದ ಮನೆ ಅಜ್ಜಿ, ಹೆಂಡತಿ ಗಂಡನ ಕೈ ಕಟ್ಟಿ ಹಾಕಿ ಉಪವಾಸ ಕೆಡವಿದ್ದಾಳೆ ಅಂತ ಊರೆಲ್ಲ ಹೇಳ್ಕೊಂಡು ಬಂತು. ಮಾರನೇ ದಿನ ಇಬ್ರು ಹಿರಿಯರು ನ್ಯಾಯ ಮಾಡೋಕೆ ಬಂದ್ರು. ನಾನು ಹೆಂಡತಿ ಪರ ಮಾತಾಡೋಣ ಅಂತ ಬಾಯಿ ತೆಗೆದ್ರೆ, ಮತ್ತೆ ಅದೇ ಬೈಗುಳ. ಅವರು ಬಂದ ದಾರಿಗೆ ಸುಂಕ ಇಲ್ಲ ಅಂತ ಎದ್ದು ಹೋದ್ರು.

ನಿಜ ಹೇಳ್ತೀನಿ, ಎಷ್ಟೋ ಸಲ ಸಾಕು ಅನ್ನಿಸಿತ್ತು. ಒಂದು ಅಂಗಿ ಗುಂಡಿ ಹಾಕೋಕೆ ಅರ್ಧ ಗಂಟೆ. ಹಾಕಿ ನೋಡಿದ್ರೆ ಒಂದು ಮೇಲೆ, ಒಂದು ಕೆಳಗೆ. ನಾನು ಅಂಗಿನೇ ಹರಿದು ಹಾಕ್ತಿದ್ದೆ, ಶಕ್ತಿ ಇದ್ದಿದ್ರೆ. ಶ್ರಾವಣಕ್ಕೆ ತುತ್ತು ಬಾಯಿ ಕಂಡಿತು. ಭಾದ್ರಪದಕ್ಕೆ ಕೋಲು ಬಿಟ್ಟು ನಡೆದೆ. ಸಣ್ಣ ಪುಟ್ಟ ಮಾತು ಬಂತು: ಬೇಕು, ಬೇಡ, ಎಲ್ಲಿಗೆ, ರೈಟ್. ಊರಿನ ಹೆಸರು ಮಾತ್ರ ಹಠ ಬಿಡ್ಲಿಲ್ಲ. ಸಾಗರದಿಂದ ಹತ್ತಿದ್ರೇನೇ ಬರೋದು.

ನವರಾತ್ರಿ ಕಳೆದ ಸೋಮವಾರ ಪರೀಕ್ಷೆ. ಓನರ್ರು ತೀರ್ಥಹಳ್ಳಿಯಲ್ಲಿ ಯಾರನ್ನೋ ನೋಡೋ ಕೆಲಸ ಇಟ್ಕೊಂಡು ಬಂದು ಡ್ರೈವರ್ ಹಿಂದಿನ ಸೀಟಲ್ಲಿ ಕೂತ್ರು. ಖಾಕಿ ಅಂಗಿ ಹಾಕ್ಕೊಂಡು ಹತ್ತಿದೆ. ಸ್ಟ್ಯಾಂಡಲ್ಲಿ ನಿಂತು, "ಸಾಗರ ಬಟ್ಟೆಮಲ್ಲಪ್ಪ ಹೊಸನಗರ" ಅಂತ ಕೂಗೋದು ಲೀಲಾಜಾಲ. ಆಮೇಲಿನದೇ ಕಷ್ಟ. ಟಿಕೆಟ್ ಕೊಡುವಾಗ ಊರಿನ ಹೆಸರು ತಿರುಗಿ ಹೇಳಿಯೇ ಮೆಷಿನ್ ಒತ್ತೋದು ನಮ್ಮ ರೂಟಿನ ಪದ್ಧತಿ, ಆಮೇಲೆ ತಕರಾರು ಬೇಡ ಅಂತ.

ಆದ್ರೆ ಕಷ್ಟವೇ ಬರ್ಲಿಲ್ಲ. ದಿನಾ ಕೋಣಂದೂರಿಗೆ ಹೋಗಿ ತಮ್ಮನ ಜೊತೆ ಇಸ್ಪೀಟಾಡಿ ಬರೋ ರಿಟೈರ್ಡ್ ಮೇಷ್ಟ್ರೊಬ್ರು ನಮ್ಮ ಬಸ್ಸಲ್ಲಿದ್ದಾರೆ. ಅವರು ಹಿಂದಿನ ದಿನವೇ ವಾಟ್ಸಾಪಲ್ಲಿ ಎಲ್ಲರಿಗೂ ಹೇಳಿಟ್ಟಿದ್ರು: ನಾಳೆ ನಮ್ಮ ಕಂಡಕ್ಟರ್ ಪರೀಕ್ಷೆ, ಪಾಸ್ ಮಾಡಿಸೋದು ನಮ್ಮ ಜವಾಬ್ದಾರಿ. ನಾನು ಹತ್ತಿರ ಹೋಗುವ ಮೊದಲೇ, "ರಿಪ್ಪನ್‌ಪೇಟೆ ಒಂದು, ರಿಪ್ಪನ್‌ಪೇಟೆ ಒಂದು" ಅಂತ ನನ್ನ ಪರವಾಗಿ ಅವರೇ ಹೇಳೋರು. ಯಾರೋ ವಿಸಿಲ್ಲು ಹಾಕೋರು, ಯಾರೋ ಬಾಗಿಲು ಹಾಕೋರು. ಹೊಸನಗರದಲ್ಲಿ ಹೊಸ ಜನ ಹತ್ತಿ ಬಸ್ಸು ತುಂಬಿದ ಮೇಲಂತೂ ಮೇಷ್ಟ್ರು, "ನೀ ಆರಾಮಾಗಿ ನಿಂತ್ಕೋ ಮಾರಾಯ" ಅಂತ ಟಿಕೆಟ್ ಮೆಷಿನ್ನೇ ಕೈಯಿಂದ ತಗೊಂಡು ಶುರು ಹಚ್ಕೊಂಡ್ರು. ಓನರ್ರು ಹಿಂದೆ ತಿರುಗಿ ನೋಡಿದಾಗಲೆಲ್ಲ ಮೆಷಿನ್ನು ಫಟ್ಟಂತ ನನ್ನ ಕೈಗೆ ವಾಪಸ್ ಬರ್ತಿತ್ತು. ಓನರ್ರು ತಲೆ ಆಡಿಸಿ ತೂಕಡಿಸ್ತಿದ್ರು. ಎಲ್ಲ ಚೆನ್ನಾಗಿ ನಡೀತಿತ್ತು, ನಾನೊಬ್ಬ ಇಲ್ಲದೇ.

ಹೊಸನಗರ ಬಿಟ್ಟು ಎರಡು ಮೈಲಿಗೆ ಒಬ್ಬಳು ಅಜ್ಜಿ ಸೌತೆಕಾಯಿ ಬುಟ್ಟಿ ಹಿಡ್ಕೊಂಡು ಇಳೀತಿತ್ತು. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಮೆಟ್ಟಿಲ ಮೇಲೆ. ನನ್ನ ಕೆಲಸ ಹಗುರ ಮಾಡೋಣ ಅಂತ ಹಿಂದಿನಿಂದ ಏಳೆಂಟು ಜನ ಒಟ್ಟಿಗೆ, "ರೈಟ್! ರೈಟ್!" ಅಂದ್ರು. ಡ್ರೈವರ್ ಗೇರ್ ಹಾಕಿದ. ಬಸ್ಸು ಜರುಗಿತು. "ಹೋಲ್ಡಾನ್!" ಅನ್ಬೇಕು ನಾನು. ಬಾಯಿಗೆ ಬಂದದ್ದು, "ಸಾಗರ! ಬಟ್ಟೆಮಲ್ಲಪ್ಪ!"

ಹೊಸನಗರ ದಾಟಿದ ಮೇಲೆ ಸಾಗರ ಅಂದ್ರೆ ಏನೋ ಎಡವಟ್ಟಾಗಿದೆ ಅಂತ ಡ್ರೈವರ್ ಬ್ರೇಕ್ ತುಳಿದ. ಅಜ್ಜಿ ಕಂಬಿ ಹಿಡ್ಕೊಂಡು ಜೋಲಿ ಹೊಡೆದು ನಿಂತಿತು. ಬುಟ್ಟಿ ಉರುಳಿ ಸೌತೆಕಾಯಿ ರಸ್ತೆ ತುಂಬ. ಏನೂ ಆಗ್ಲಿಲ್ಲ, ಆದ್ರೆ ಆಗ್ಬಹುದಿತ್ತು. ಸಿಟ್ಟು ಎಲ್ಲಿತ್ತೋ, ನೆತ್ತಿಗೇರಿತು.

"ಸುಮ್ನೆ ಕೂತ್ಕಳ್ರೀ ಎಲ್ರೂ! ನೀವ್ ಮಾಡಿದ್ರೆ ನಾ ಹ್ಯಾಗ್ ಕಲೀಲಿ? ನನ್ ಕೆಲ್ಸ ನಾನ್ ಮಾಡ್ತೀನಿ!"

ಏಳು ತಿಂಗಳಲ್ಲಿ ಅಷ್ಟುದ್ದ ಮಾತು ನಾನಾಡಿರ್ಲಿಲ್ಲ. ಮೇಷ್ಟ್ರು ಮೆಷಿನ್ನನ್ನ ತಪ್ಪು ಮಾಡಿದ ಹುಡುಗನ ಹಾಗೆ ನನ್ನ ಮುಂದೆ ಹಿಡಿದ್ರು. ಓನರ್ರಿಗೆ ಪೂರ್ತಿ ಎಚ್ಚರ ಆಗಿ, ಅಲ್ಲಿವರೆಗೆ ನಡೆದ ನಾಟಕ ಎಲ್ಲ ಅರ್ಥ ಆಗಿ, ಮುಖ ಕೆಂಪಾಗಿತ್ತು. ಮುಗೀತು ಕಥೆ ಅಂದ್ಕೊಂಡೆ. ಮುಗಿದ್ರೆ ಮುಗೀಲಿ, ನೆಟ್ಟಗೆ ಮುಗೀಲಿ. ಡ್ರೈವರಿಗೆ ಕೈ ತೋರಿಸಿದೆ. ಅವನು ಬಸ್ಸನ್ನ ಬದಿಗೆ ಹಾಕಿ ಇಂಜಿನ್ ಆಫ್ ಮಾಡಿದ. ಇಳಿದು ಅಜ್ಜಿಗೆ ಸೌತೆಕಾಯಿ ಆರಿಸಿ ಕೊಟ್ಟೆ, ಬಲಗೈಯಲ್ಲಿ, ಒಂದೊಂದೇ. ಆಮೇಲೆ ಹತ್ತಿ, ಹೊಸನಗರದಲ್ಲಿ ಬಂದೋರಲ್ಲಿ ಇನ್ನೂ ಟಿಕೆಟ್ ಆಗದೋರಿಗೆ ಮೊದಲ ಸೀಟಿಂದ ಶುರು ಮಾಡಿದೆ.

"ಎಲ್ಲಿಗೆ?"

"ಕೋಣಂದೂರು," ಅಂದ್ಲು ಒಬ್ಬಳು ಹೆಂಗಸು.

"ಸಾಗರ... ಬಟ್ಟೆಮಲ್ಲಪ್ಪ... ಹೊಸನಗರ... ರಿಪ್ಪನ್‌ಪೇಟೆ... ಕೋಣಂದೂರು. ಒಂದು." ಬಲಗೈ ಹೆಬ್ಬೆರಳಲ್ಲಿ ಮೆಷಿನ್ ಒತ್ತೋಕೆ ಮೂರು ಸಲ ಬೇಕಾಯ್ತು. ಎರಡನೇ ಟಿಕೆಟ್ಟು ತೀರ್ಥಹಳ್ಳಿಗೆ. ಮತ್ತೆ ಸಾಗರಕ್ಕೆ ವಾಪಸ್ ಹೋಗಿ ಹತ್ತಿ ಬಂದೆ. ಮೂರನೇದೂ ತೀರ್ಥಹಳ್ಳಿ. ನಲವತ್ತು ಜನ ಕಾಯ್ತಾ ಕೂತಿದ್ರು. ಒಬ್ರೂ ಕೆಮ್ಮಲಿಲ್ಲ. ಸಹಾಯ ಮಾಡ್ಬೇಕು ಅಂತ ತುಟಿ ತುದಿಗೆ ಬಂದದ್ದನ್ನ ನುಂಗ್ಕೊಂಡು ಕೂತಿದ್ದು ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಮೇಷ್ಟ್ರಂತೂ ಬಾಯಿಗೆ ಕರವಸ್ತ್ರ ಇಟ್ಕೊಂಡಿದ್ರು. ಕಿಟಕಿ ಪಕ್ಕದ ಹವ್ಯಕರ ಹಿರಿಯರೊಬ್ರು ಮಾತ್ರ, "ಎಂತ ತೊಂದ್ರೆ ಇಲ್ಲೆ, ನಿಧಾನ ಹೇಳು," ಅಂದು, ಅಂದದ್ದಕ್ಕೂ ತಾವೇ ನಾಲಿಗೆ ಕಚ್ಚಿಕೊಂಡ್ರು.

ಅಷ್ಟರಲ್ಲಿ ಹಿಂದಿನಿಂದ ಹಾರ್ನು. ನಮ್ಮ ಬೆನ್ನ ಹಿಂದಿನ ಟೈಮಿನ ಬಸ್ಸು, ಬೇರೆ ಕಂಪನಿದು. ಪಕ್ಕಕ್ಕೆ ಬಂದು ನಿಂತ್ಕೊಳ್ತು. ಅವರ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಕೆಟ್ಟೋಯ್ತಾ ಬಸ್ಸು? ತೀರ್ಥಹಳ್ಳಿ ತೀರ್ಥಹಳ್ಳಿ! ಎಲ್ಲ ಖಾಲಿ ಇದೆ, ಬನ್ನಿ ಬನ್ನಿ!" ಅಂತ ಕೂಗಿದ.

ಈ ರೂಟಲ್ಲಿ ನಿಂತ ಬಸ್ಸಲ್ಲಿ ಎರಡು ನಿಮಿಷ ಕೂತೋರನ್ನ ನಾನು ನೋಡಿಲ್ಲ. ಎಲ್ಲರಿಗೂ ಕೆಲಸ ಇದೆ. ಆಫೀಸಿಗೆ ಹೋಗೋರು, ಆಸ್ಪತ್ರೆಗೆ ಹೋಗೋರು, ಮದುವೆ ಮನೆಗೆ ಹೋಗೋರು. ನಾನೇ ಆಗಿದ್ರೆ ಇಳಿದು ಓಡ್ತಿದ್ದೆ. ಮೆಷಿನ್ ಹಿಡ್ಕೊಂಡು ಬಾಗಿಲ ಕಡೆ ನೋಡ್ತಾ ನಿಂತೆ.

ಒಬ್ರೂ ಏಳ್ಲಿಲ್ಲ. ಆ ಬದಿಯಲ್ಲಿ ಕೂತಿದ್ದ ಹೆಂಗಸೊಬ್ಬಳು ಕಿಟಕಿ ಗಾಜು ಎಳೆದು ಹಾಕಿದ್ಲು. ಅವನು ಇನ್ನೊಂದ್ಸಲ ಕೂಗಿದ. ಇನ್ನೊಂದು ಗಾಜು ಮುಚ್ಚಿತು. ನನ್ನ ಕಣ್ಣು ಮಂಜಾಯ್ತು, ಸುಳ್ಳು ಯಾಕೆ ಹೇಳ್ಲಿ. ನಾನು ಅಲ್ಲೇ ಅತ್ತೆ, ಖಾಕಿ ಅಂಗಿಯಲ್ಲಿ.

ಆಗ ಓನರ್ರು ಎದ್ರು. ಚೀಲ ಹೆಗಲಿಗೆ ಹಾಕ್ಕೊಂಡು, ಗಡಿಯಾರ ನೋಡ್ಕೊಂಡು, ನನ್ನ ಪಕ್ಕದಿಂದ ನುಸುಳಿ ಕೆಳಗಿಳಿದು ಸೀದಾ ಆ ಬಸ್ಸಿಗೇ ಹತ್ತಿದ್ರು. ಆ ಬಸ್ಸು ಹೊರಟಿತು. ಕಿಟಕಿಯಿಂದ ಓನರ್ರ ತಲೆ ಹೊರಗೆ ಬಂತು.

"ನನಗೆ ಹನ್ನೊಂದಕ್ಕೆ ಕೆಲಸ ಇದೆ ಮಾರಾಯ, ನಿನ್ನ ಜೊತೆ ಬಂದ್ರೆ ಸಂಜೆ ಆಗುತ್ತೆ! ನಾಳೆ ಫಸ್ಟ್ ಟ್ರಿಪ್ಪು ನಿಂದೇ. ಆರೂವರೆಗೆ ಸ್ಟ್ಯಾಂಡಲ್ಲಿರು!"

ನಮ್ಮ ಬಸ್ಸಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಸುಮ್ನೆ ಕೂತ್ಕೊಳ್ಳಿ ಅಂದಿದ್ನಲ್ಲ. ನಾನು ಅಂಗಿ ತೋಳಲ್ಲಿ ಕಣ್ಣೊರೆಸ್ಕೊಂಡು ನಾಲ್ಕನೇ ಸೀಟಿಗೆ ಹೋಗಿ, "ಎಲ್ಲಿಗೆ?" ಅಂದೆ.